ಹಲಗೆಯ ಇನ್ನೊಂದು ತುದಿ

"ಮೇಸ್ತ್ರಿ ಇಲ್ವಾಮ್ಮಾ?"

ಸುದ್ದಗುಂಟೆಪಾಳ್ಯದ ಆ ಮರಗೆಲಸದ ಅಂಗಡಿಗೆ ಬಂದವರು ಮೊದಲು ಕೇಳುವುದು ಇದನ್ನೇ. ಕೇಳುವಾಗ ಅವರ ಎದುರಿಗೆ ಒಬ್ಬ ಹೆಂಗಸು ನಿಂತಿರುತ್ತಾರೆ. ಕಿವಿಯ ಮೇಲೆ ಪೆನ್ಸಿಲು, ಹುಬ್ಬಿನ ಮೇಲೆ ಮರದ ಹೊಟ್ಟು, ಸೀರೆಯ ಮೇಲೆ ಗಂಡನ ಹಳೇ ಅಂಗಿ, ಕೈಯಲ್ಲಿ ಉಳಿ. ಆದರೂ ಕೇಳುತ್ತಾರೆ. ಜಯನಗರದಿಂದ ಕಾರಿನಲ್ಲಿ ಬಂದವರೂ ಅದನ್ನೇ, ತಿಲಕ್ ನಗರದಿಂದ ನಡೆದು ಬಂದವರೂ ಅದನ್ನೇ. ಮೊದಲ ಸಲ ಕಾಲು ಮುರಿದ ಕುರ್ಚಿ ಹಿಡಿದು ಹೋದಾಗ ನಾನೂ ಅದನ್ನೇ ಕೇಳಿದ್ದೆ. ನಾಚಿಕೆಗೇಡು.

ಆ ಹೆಂಗಸಿನ ಹೆಸರು ಬಸವಲಿಂಗಮ್ಮ. ವಯಸ್ಸು ನಲವತ್ತಾರು. ಅಂಗಡಿ ಹತ್ತಡಿ ಅಗಲ, ಇಪ್ಪತ್ತೆಂಟಡಿ ಉದ್ದ, ರೈಲು ಡಬ್ಬಿಯ ಹಾಗೆ. ನಡುವೆ ಒಂದು ಕಬ್ಬಿಣದ ಮೇಜು. ಅದರ ಸೀಳಿನಿಂದ ಗರಗಸದ ದುಂಡು ಬ್ಲೇಡು ಅರ್ಧ ಮೇಲೆದ್ದಿರುತ್ತದೆ. ಅಲ್ಲಿಯವರೆಲ್ಲ ಅದನ್ನು ಬರೀ ಮಷೀನು ಅನ್ನುತ್ತಾರೆ. ಮಷೀನು ಹೋದರೆ ಅದು ಮರಗೆಲಸದ ಅಂಗಡಿಯಲ್ಲ, ಖಾಲಿ ಗ್ಯಾರೇಜು.

ಆ ಮಷೀನನ್ನು ಕಿತ್ತುಕೊಂಡು ಹೋಗಲು ಕಳೆದ ವರ್ಷ ಟೆಂಪೋ ಬಂದಿತ್ತು. ಹೇಳಬೇಕಾದ್ದು ಆ ಕತೆ.

ಅವರ ಗಂಡ ಸಿದ್ದಲಿಂಗಯ್ಯನವರು ತಿಪಟೂರು ಕಡೆಯವರು. ಮರಗೆಲಸ ಅವರ ಮನೆತನದ್ದಲ್ಲ. ಟಿಂಬರ್ ಯಾರ್ಡಿನಲ್ಲಿ ದಿಮ್ಮಿ ಹೊರಲು ಬಂದು, ಕಣ್ಣಲ್ಲೇ ಕಸುಬು ಕದ್ದು, ಮೇಸ್ತ್ರಿಯಾದವರು. ಮದುವೆಯಾದ ಮಾರನೇ ವಾರ ಮಷೀನಿನ ಹಿಂದೆ ಹೆಂಡತಿಯನ್ನು ನಿಲ್ಲಿಸಿದರು. ಉದ್ದದ ಹಲಗೆ ಕೊಯ್ಯಲು ಇಬ್ಬರು ಬೇಕು. ಒಬ್ಬರು ಮುಂದಿನಿಂದ ಬ್ಲೇಡಿಗೆ ತಳ್ಳಬೇಕು. ಮೇಜು ದಾಟಿ ಹೊರಬರುವ ತುದಿ ಕೆಳಗೆ ಬಾಗದಂತೆ ಇನ್ನೊಬ್ಬರು ಆಚೆ ನಿಂತು ಹಿಡಿಯಬೇಕು. ಬಾಗಿದರೆ ಬ್ಲೇಡು ಕಚ್ಚುತ್ತದೆ, ಹಲಗೆ ತಿರುಗಿ ಎದೆಗೆ ಹೊಡೆಯುತ್ತದೆ. ಹತ್ತೊಂಬತ್ತು ವರ್ಷ ಆಚೆ ನಿಂತವರು ಬಸವಲಿಂಗಮ್ಮ. ಬಾಗಿಲು ಯಾರು ಮಾಡಿದ್ದು ಎಂದರೆ ಸಿದ್ದಲಿಂಗಯ್ಯ. ಮಂಚ ಯಾರು ಮಾಡಿದ್ದು ಎಂದರೆ ಸಿದ್ದಲಿಂಗಯ್ಯ. ತಳ್ಳಿದವನು ಮೇಸ್ತ್ರಿ, ಹಿಡಿದವಳು ಲೆಕ್ಕಕ್ಕೇ ಇಲ್ಲ. ಇದು ಯಾರೂ ಬರೆಯದ, ಎಲ್ಲರೂ ಪಾಲಿಸುವ ಕಾನೂನು.

ಎರಡು ವರ್ಷದ ಹಿಂದೆ ಸಿದ್ದಲಿಂಗಯ್ಯನವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಎಳೆಯಿತು. ಆಗ ಬಸವಲಿಂಗಮ್ಮ ಮಷೀನಿನ ಮುಂದೆ ಬಂದು ನಿಂತರು. ಸ್ಟೂಲು, ದೇವರ ಮಂಟಪ, ಅಡುಗೆಮನೆಯ ಕಪಾಟಿನ ಬಾಗಿಲು, ಎಲ್ಲವೂ ಒಬ್ಬರ ಕೈಗೆ ಸಿಗುವ ಕೆಲಸ. ತೊಡಕು ಬಂದದ್ದು ಉದ್ದದ ಹಲಗೆಗೆ. ಆಚೆ ತುದಿ ಹಿಡಿಯಲು ಕೂಲಿಗೆ ಬಡಗಿಗಳನ್ನು ಕರೆದರು. ಬಂದವರೆಲ್ಲ ಚಪ್ಪಲಿ ಬಿಟ್ಟು ಸೀದಾ ಮಷೀನಿನ ಮುಂಭಾಗಕ್ಕೇ ಹೋಗಿ ನಿಲ್ಲುತ್ತಿದ್ದರು.

"ಅಣ್ಣಾ, ನೀವು ಆ ಕಡೆ. ತಳ್ಳೋದು ನಾನು."

"ತಮಾಷೆ ಮಾಡ್ಬೇಡಿ ಅಕ್ಕ. ನೀವು ಹಿಡ್ಕೊಳ್ಳಿ, ನಾನು ತಳ್ತೀನಿ."

ಗೂಳಪ್ಪ ಅಂತ ಒಬ್ಬ ಹಳೇ ಬಡಗಿ ಮೂರು ದಿನ ಬಂದ. ನಾಲ್ಕನೇ ದಿನ ಬೀಡಿ ಹಚ್ಚಿಕೊಂಡು ಹೊಸಲಿನ ಹೊರಗೇ ನಿಂತು ಹೇಳಿದ, "ಮೂವತ್ತು ವರ್ಷದ ಕಸುಬಮ್ಮಾ ನಂದು. ಹೆಂಗಸು ತಳ್ಳೋ ಹಲಗೆ ಹಿಡ್ಕೊಂಡು ನಿಂತಿದ್ದ ಅಂತ ಗೊತ್ತಾದ್ರೆ ನಾಳೆ ನಂಗೆ ಯಾರು ಕೆಲಸ ಕೊಡ್ತಾರೆ?"

"ಹತ್ತೊಂಬತ್ತು ವರ್ಷ ನಾನು ಹಿಡ್ಕೊಂಡು ನಿಂತಿದ್ದೆನಲ್ಲ ಗೂಳಪ್ಪಣ್ಣ, ನಂಗೇನಾಯ್ತು?"

"ನಿಮ್ದು ಬೇರೆ."

ಏನು ಬೇರೆ ಎಂದು ಅವನೂ ಹೇಳಲಿಲ್ಲ. ಇವತ್ತಿಗೂ ಯಾರೂ ಹೇಳಿಲ್ಲ.

ಸುದ್ದಿ ಅರೆಕೆರೆ ಮುಟ್ಟಿತು. ಅಲ್ಲಿ ಸಿದ್ದಲಿಂಗಯ್ಯನವರ ತಮ್ಮ ಚಿದಾನಂದನ ಫರ್ನಿಚರ್ ಶೆಡ್ ಇದೆ. ಅವನು ಒಂದು ಭಾನುವಾರ ಸೇಬು, ಹಾರ್ಲಿಕ್ಸು ಹಿಡಿದುಕೊಂಡು ಬಂದ. ಅಣ್ಣನ ಕಾಲು ಒತ್ತಿದ. ಆಮೇಲೆ ಮಷೀನಿನ ಮೇಜಿನ ಮೇಲೆ ಕೈಯಾಡಿಸುತ್ತಾ ಹೇಳಿದ, "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಇದು ಇಬ್ಬರು ನಡೆಸೋ ಮಷೀನು. ನಿಮ್ಮ ಹತ್ರ ಸುಮ್ನೆ ತುಕ್ಕು ಹಿಡೀತಿದೆ. ನನ್ನ ಶೆಡ್ಡಿಗೆ ಹಾಕ್ಕೋತೀನಿ. ನೀವೂ ಅಲ್ಲೇ ಬನ್ನಿ, ಪಾಲಿಶ್ ಕೆಲಸ ಇರುತ್ತೆ, ಕೂತ್ಕೊಂಡು ಮಾಡಬಹುದು."

"ನಿಮ್ಮಣ್ಣ ಏನಂತಾರೆ?"

ಸಿದ್ದಲಿಂಗಯ್ಯ ಗೋಡೆ ನೋಡುತ್ತಾ ಅಂದರು, "ಹಲಗೆ... ಹಿಡಿಯೋರು ಬೇಕಲ್ಲೇ. ಒಬ್ಬಳೇ ಆಗಲ್ಲ. ಮಾತು ಕೊಟ್ಟಿದೀನಿ."

ಹೆಂಡತಿಯನ್ನು ಕೇಳದೆ ಕೊಟ್ಟ ಮಾತು! ಆಯುಧಪೂಜೆಯ ಹಿಂದಿನ ದಿನ ಟೆಂಪೋ ತರುವುದು, ಪೂಜೆ ಅರೆಕೆರೆಯಲ್ಲೇ ಮಾಡುವುದು ಅಂತ ದಿನವನ್ನೂ ಗೊತ್ತುಮಾಡಿಕೊಂಡಿದ್ದರು ಅಣ್ಣ ತಮ್ಮ.

ಬಸವಲಿಂಗಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಗೋಡೆಗೆ ಒರಗಿಸಿದ್ದ ಹೊನ್ನೆ ಹಲಗೆಗಳನ್ನು ತೋರಿಸಿದರು. ಒಟ್ಟು ಆರು. ಒಂದೊಂದೂ ಹತ್ತಡಿ ಉದ್ದ, ಮೂವತ್ತು ಕೆಜಿ ಮೇಲೆ ತೂಕ. ಜಯನಗರ ನಾಲ್ಕನೇ ಟಿ ಬ್ಲಾಕಿನ ಸೀತಮ್ಮ ಎಂಬ ನಿವೃತ್ತ ಗಣಿತ ಟೀಚರು ಕೊಟ್ಟ ಕೆಲಸ ಅದು. ಕಾರು ಮಾರಿ, ಕಾರ್ ಶೆಡ್ಡಿನಲ್ಲಿ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ಗೋಡೆಯಿಂದ ಗೋಡೆಗೆ ಬೆಂಚು ಬೇಕು, ನಡುವೆ ಜೋಡಣೆ ಇರಕೂಡದು ಅಂತ ಅವರ ಹಟ. "ಜೋಡಣೆ ಇದ್ದ ಕಡೆ ಹುಡುಗರು ಪೆನ್ನು ತೂರಿಸ್ತಾರೆ" ಅನ್ನುವುದು ಅವರ ನಲವತ್ತು ವರ್ಷದ ಅನುಭವ.

"ಈ ಆರು ಹಲಗೆ ಹಬ್ಬದೊಳಗೆ ಒಬ್ಬಳೇ ಉದ್ದಕ್ಕೆ ಕೊಯ್ತೀನಿ ಚಿದಾನಂದ. ಆಗ್ಲಿಲ್ಲ ಅಂದ್ರೆ ಟೆಂಪೋಗೆ ನಾನೇ ಹತ್ತಿಸ್ಕೊಡ್ತೀನಿ. ಆಯ್ತು ಅಂದ್ರೆ ಮಷೀನಿನ ಸುದ್ದಿ ಇನ್ಮೇಲೆ ಎತ್ತಕೂಡದು."

ಚಿದಾನಂದ ನಕ್ಕ. ನಗುವುದಕ್ಕೆ ಅವನಿಗೆ ಕಾರಣವೂ ಇತ್ತು. ಆಚೆ ತುದಿ ಗಾಳಿಯಲ್ಲಿ ನಿಲ್ಲುತ್ತದೆಯೇ?

ಗಾಳಿಯಲ್ಲಿ ನಿಲ್ಲುವುದಿಲ್ಲ, ರೋಲರ್ ಮೇಲೆ ನಿಲ್ಲುತ್ತದೆ. ಎತ್ತರದ ಕಾಲಿನ ಮೇಲೆ ಅಡ್ಡಕ್ಕೆ ಒಂದು ಉರುಳೆ ಇದ್ದರೆ ಸಾಕು, ಹಲಗೆ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇರುವುದೇ. ಆದರೆ ಇಷ್ಟು ಮರಗೆಲಸದ ಅಂಗಡಿಗಳಿದ್ದರೂ ಆ ಬೀದಿಯಲ್ಲಿ ಒಂದೂ ರೋಲರ್ ಇರಲಿಲ್ಲ. ಯಾಕಿರಬೇಕು? ಪ್ರತಿ ಅಂಗಡಿಯಲ್ಲೂ ಹಿಡಿಯಲು ಒಬ್ಬ ಹೆಂಡತಿಯೋ ತಂಗಿಯೋ ಇದ್ದಳಲ್ಲ.

ಮೊದಲು ಪ್ಲಾಸ್ಟಿಕ್ ಪೈಪಿನಲ್ಲಿ ಮಾಡಿದರು. ಹೊನ್ನೆಯ ಭಾರಕ್ಕೆ ಪೈಪು ಹೊಟ್ಟೆ ಬಿಟ್ಟುಕೊಂಡು ಬಾಗಿತು. ಅಡುಗೆಮನೆಯಿಂದ ಲಟ್ಟಣಿಗೆ ತಂದು ಎರಡು ಮೊಳೆಯ ನಡುವೆ ಕೂರಿಸಿ ನೋಡಿದರು. ಉರುಳುವುದೇನೋ ಉರುಳಿತು, ಆದರೆ ಹಲಗೆಯ ಅಗಲಕ್ಕೆ ಸಾಲಲಿಲ್ಲ. ಸಿದ್ದಲಿಂಗಯ್ಯ ಕುರ್ಚಿಯಿಂದಲೇ ಕಿಸಕ್ಕೆಂದರು, "ರಾತ್ರಿ... ಚಪಾತಿ ಇಲ್ಲ ಹಾಗಾದ್ರೆ."

"ಇಲ್ಲ. ಹಲಗೆ ತಿನ್ನಿ."

ಮಾರನೇ ದಿನ ತಿಲಕ್ ನಗರದ ಗುಜರಿ ಅಂಗಡಿ. ಒಡೆದ ಮನೆಯೊಂದರಿಂದ ಬಂದ ಎರಡಿಂಚಿನ ಕಬ್ಬಿಣದ ನೀರಿನ ಪೈಪು ಆರಿಸಿಕೊಂಡರು. ಹಳೇ ಸ್ಕೂಟರಿನ ಬೇರಿಂಗುಗಳನ್ನು ಒಂದೊಂದಾಗಿ ಬೆರಳಿಗೆ ಹಾಕಿ ತಿರುಗಿಸಿ, ಸದ್ದು ಕೇಳಿ, ಆರು ತೆಗೆದಿಟ್ಟರು. ಗುಜರಿಯವನಿಗೆ ಕುತೂಹಲ. "ಮಗೂಗೆ ಗಾಡಿ ಮಾಡ್ತೀರಾ ಆಂಟಿ?"

"ಹೂಂ ಕಣಪ್ಪ. ಹತ್ತಡಿ ಮಗು."

ಪೈಪನ್ನು ಎರಡೆರಡು ಅಡಿಗೆ ಮೂರು ತುಂಡು ಮಾಡಿದರು. ತುದಿಗಳಿಗೆ ಸಾಲ್ ಮರದ ಬಿರಡೆ ಜಡಿದರು, ಬಿರಡೆಯ ನಡುವೆ ಬೋಲ್ಟು, ಬೋಲ್ಟಿಗೆ ಬೇರಿಂಗು. ಬೆರಳಿನಿಂದ ಒಮ್ಮೆ ತಟ್ಟಿದರೆ ಪೈಪು ಸುಯ್ಯೆಂದು ತಿರುಗುತ್ತಿತ್ತು. ಕೆಳಗೆ ಮರದ ಕಾಲು. ಮಗುಚಿಕೊಳ್ಳದಿರಲೆಂದು ಕಾಲಿನ ಅಡಿಗೆ ಸಿಮೆಂಟ್ ತುಂಬಿದ ಪೇಂಟ್ ಡಬ್ಬ ಕಟ್ಟಿದರು. ಹೀಗೆ ಮೂರು ಸ್ಟ್ಯಾಂಡು. ಒಂದು ಮೇಜಿನ ಮುಂದೆ, ಎರಡು ಹಿಂದೆ, ಬಾಗಿಲ ಕಡೆಗೆ. ಮೇಜು ನೆಲದಿಂದ ಎಷ್ಟು ಎತ್ತರವೋ ಟೇಪು ಹಿಡಿದು ಅಳೆದು, ಮೂರನ್ನೂ ಅಷ್ಟೇ ಎತ್ತರಕ್ಕೆ ಕೊಯ್ದರು.

ತಪ್ಪಾದದ್ದು ಅಲ್ಲೇ.

ಬ್ಲೇಡು ಓಡಿಸದೆ, ಒಂದು ಹಳೇ ಹಲಗೆಯನ್ನು ಬರೀ ತಳ್ಳಿ ನೋಡಿದರು. ಹಲಗೆ ಮೇಜು ದಾಟಿತು. ಮೊದಲ ರೋಲರ್ ಮೇಲೆ ತಲೆ ತಗ್ಗಿಸಿತು. ಎರಡನೆಯದರ ಹತ್ತಿರ ಹೋಗುವಷ್ಟರಲ್ಲಿ ಮೂಗು ಕೆಳಗೆ ಮಾಡಿಕೊಂಡು ಕೈ ತಪ್ಪಿಸಿಕೊಂಡಿತು. ಸ್ಟ್ಯಾಂಡಿಗೆ ಗುದ್ದಿ ಅದನ್ನು ಉರುಳಿಸಿ ಸೀದಾ ಬಾಗಿಲಾಚೆ ಹೋಯಿತು. ಸಿಮೆಂಟ್ ಡಬ್ಬ ಕಿತ್ತುಬಂದು ಗಡಗಡ ಉರುಳುತ್ತಾ ರಸ್ತೆ ದಾಟಿ, ಎದುರಿನ ಯಲ್ಲಯ್ಯನ ಎಳನೀರು ಗಾಡಿಯ ಚಕ್ರಕ್ಕೆ ಬಡಿದು ನಿಂತಿತು.

ಯಲ್ಲಯ್ಯ ಮಚ್ಚು ಹಿಡಿದೇ ಕೂಗಿದ, "ಅಕ್ಕಾ! ಈ ಕಾಯಿಗೆ ನನ್ನ ಮಚ್ಚು ಸಾಲಲ್ಲ!"

ಬೀದಿ ನಕ್ಕಿತು. ಪಕ್ಕದ ಅಂಗಡಿಯಲ್ಲಿ ಕೂಲಿಗೆ ಬಂದಿದ್ದ ಗೂಳಪ್ಪ ಹೊರಗೆ ಬಂದು ನೋಡಿದ. "ಮಷೀನು ಹೆಂಗಸಿನ ಕೈಗೆ ಕೊಟ್ರೆ ಇನ್ನೇನಾಗುತ್ತೆ" ಅಂತ ಜೋರಾಗಿಯೇ ಅಂದು ಒಳಗೆ ಹೋದ. ಹಬ್ಬಕ್ಕೆ ಎಂಟು ದಿನ ಉಳಿದಿತ್ತು.

ಬಸವಲಿಂಗಮ್ಮ ಬಿದ್ದ ಸ್ಟ್ಯಾಂಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೆಲ ನೋಡಿದರು. ಆ ನೆಲವನ್ನು ಹತ್ತೊಂಬತ್ತು ಆಯುಧಪೂಜೆಗೆ ತೊಳೆದವರು ಅವರು. ಹಿಂದಿನ ಗೋಡೆಯಿಂದ ಒಂದು ಬಕೆಟ್ ಸುರಿದರೆ ನೀರು ತಾನೇ ಬಾಗಿಲಿಗೆ ಓಡುತ್ತದೆ. ಯಾಕೆ ಓಡುತ್ತದೆ? ನೆಲ ಇಳಿಜಾರು! ನೀರು ಹೊರಗೆ ಹೋಗಲಿ ಅಂತ ಕಟ್ಟುವಾಗಲೇ ಹಾಗೆ ಮಾಡಿರುತ್ತಾರೆ, ಈ ಊರಿನ ಎಲ್ಲ ಅಂಗಡಿಗಳಲ್ಲೂ. ಬಾಗಿಲ ಹತ್ತಿರ ನೆಲವೇ ಒಂದೂವರೆ ಇಂಚು ತಗ್ಗು. ನೆಲದಿಂದ ಅಳೆದು ಸಮ ಮಾಡಿದ ರೋಲರುಗಳು ನೆಲದ ಜೊತೆಗೇ ಇಳಿದಿದ್ದವು. ಪೊರಕೆ ಹಿಡಿದ ಕೈಗೆ ಗೊತ್ತಿದ್ದದ್ದನ್ನು ಟೇಪು ಹಿಡಿದ ಕೈ ಮರೆತಿತ್ತು.

ಕಟ್ಟಡದ ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಉದ್ದದ ಪಾರದರ್ಶಕ ಟ್ಯೂಬು ಇರುತ್ತದೆ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ನೆಲ ಹೇಗಾದರೂ ಇರಲಿ. ಪಕ್ಕದ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದವರಿಂದ ಅದನ್ನು ಕೇಳಿ ತಂದರು. ಆದರೆ ಟ್ಯೂಬಿಗೂ ಎರಡು ತುದಿ. ಒಂದನ್ನು ಯಾರಾದರೂ ಹಿಡಿಯಬೇಕು.

ಗಂಡನ ಕುರ್ಚಿಯನ್ನು ಮೇಜಿನ ಪಕ್ಕಕ್ಕೆ ಎಳೆದು, ಅವರ ಎಡಗೈಗೆ ಟ್ಯೂಬಿನ ತುದಿ ಕೊಟ್ಟರು. ನೀರು ಮೇಜಿನ ಮಟ್ಟಕ್ಕೆ ಸರಿಯಾಗಿ ನಿಲ್ಲುವಂತೆ ಹಿಡಿಯಬೇಕು. ಇನ್ನೊಂದು ತುದಿ ತೆಗೆದುಕೊಂಡು ಬಸವಲಿಂಗಮ್ಮ ರೋಲರ್ ಹತ್ತಿರ ಹೋದರು.

"ಅಲ್ಲಾಡಿಸ್ಬೇಡಿ."

"ಇಲ್ಲ."

"ಸ್ವಲ್ಪ ಮೇಲೆ. ಅಯ್ಯೋ, ಅಷ್ಟಲ್ಲ. ಗಮನ ಎಲ್ಲಿದೆ ನಿಮ್ಗೆ?"

"ಹಿಡ್ಕೊಂಡಿದೀನಲ್ಲೇ! ಕೈ... ನೋಯುತ್ತೆ."

"ನೋಯುತ್ತೆ, ಅಲ್ವಾ?" ಬಸವಲಿಂಗಮ್ಮ ತಿರುಗಿ ನೋಡಿದರು. "ಹಿಡ್ಕೊಂಡಿರಿ."

ಅವರು ಹಿಡಿದುಕೊಂಡರು. ಅರ್ಧ ಗಂಟೆ.

ಕಾಲುಗಳನ್ನು ಎರಡೆರಡು ಪಟ್ಟಿಯಾಗಿ ಮಾಡಿ, ಬೋಲ್ಟು ಸಡಿಲಿಸಿದರೆ ಮೇಲೆ ಕೆಳಗೆ ಸರಿಯುವಂತೆ ಮಾಡಿದರು. ಸಮ ಮಾಡಿದ ಮೇಲೆ ಹಿಂದಿನ ಎರಡು ರೋಲರುಗಳನ್ನು ಬೇಕೆಂದೇ ಒಂದು ನೂಲು ಇಳಿಸಿದರು. ನೂಲು ಅಂದರೆ ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಭಾಗ.

"ಯಾಕೆ ಇಳಿಸ್ದೆ?" ಸಿದ್ದಲಿಂಗಯ್ಯ ಕೇಳಿದರು.

"ಮೇಜು ದಾಟಿದ ಹಲಗೆ ಒಂಚೂರು ಬಾಗೇ ಬಾಗುತ್ತೆ. ಸಮ ಇದ್ರೆ ಅದರ ಮೂಗು ಪೈಪಿಗೆ ಗುದ್ದುತ್ತೆ. ನಾನು ಯಾವತ್ತೂ ಒಂದು ನೂಲು ಕೆಳಗೇ ಹಿಡೀತಿದ್ದೆ."

"ನಂಗೆ... ಗೊತ್ತಿರ್ಲಿಲ್ಲ."

"ನೀವು ಯಾವಾಗ ಈ ಕಡೆ ಬಂದಿದ್ರಿ?"

ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಲಗೆ ಎಲ್ಲಿ ಬಾಗುತ್ತದೆ, ಎಲ್ಲಿ ನಡುಗುತ್ತದೆ, ಗಂಟು ಬಂದಾಗ ಯಾವ ಕಡೆ ತಿರುಗುತ್ತದೆ, ಬ್ಲೇಡು ಕಚ್ಚುವ ಮೊದಲು ಅಂಗೈಗೆ ಹೇಗೆ ತಿಳಿಯುತ್ತದೆ, ಇದು ಅರ್ಧ ಕಸುಬು. ಆ ಅರ್ಧ ಕಸುಬು ಹತ್ತೊಂಬತ್ತು ವರ್ಷ ಆ ಹೆಂಗಸಿನ ಅಂಗೈಯಲ್ಲಿತ್ತು. ಅದಕ್ಕೆ ನಾವೆಲ್ಲ ಸೇರಿ ಇಟ್ಟ ಹೆಸರು "ಸುಮ್ನೆ ಹಿಡ್ಕೊಳ್ಳೋದು".

ಇನ್ನೊಂದು ತೊಡಕು ಉಳಿದಿತ್ತು. ರೋಲರ್ ಒಂದಿಷ್ಟು ಓರೆಯಾಗಿದ್ದರೂ ಹಲಗೆ ಪಕ್ಕಕ್ಕೆ ನಡೆದುಬಿಡುತ್ತದೆ. ಅದಕ್ಕೆ ಸ್ಟ್ಯಾಂಡು ಎಲ್ಲಿ ನಿಲ್ಲಬೇಕೋ ಅಲ್ಲೆಲ್ಲ ನೆಲದ ಮೇಲೆ ಕೆಂಪು ಪೇಂಟಿನಲ್ಲಿ ಗೆರೆ ಎಳೆದರು. ಹಲಗೆ ಎತ್ತುವುದಕ್ಕೂ ದಾರಿ ಸಿಕ್ಕಿತು. ಒಂದು ತುದಿಯನ್ನು ಮುಂದಿನ ರೋಲರ್ ಮೇಲೆ ಇಟ್ಟು, ಸುತ್ತಿ ಬಂದು ಇನ್ನೊಂದು ತುದಿ ಎತ್ತಿದರಾಯಿತು. ಮೂವತ್ತು ಕೆಜಿಯಲ್ಲಿ ಅರ್ಧ ರೋಲರಿಗೆ, ಅರ್ಧ ಬಸವಲಿಂಗಮ್ಮನವರಿಗೆ.

ಮೊದಲ ಹಲಗೆಯನ್ನು ಬ್ಲೇಡಿಗೆ ತಳ್ಳಿದರು. ಹತ್ತಡಿ ಮುಗಿದು, ಎರಡು ಪಟ್ಟಿಯಾಗಿ ಸೀಳಿದ ಹೊನ್ನೆ ಹಿಂದಿನ ರೋಲರುಗಳ ಮೇಲೆ ತಣ್ಣಗೆ ಮಲಗಿತು. ಅಂಗಡಿ ತುಂಬ ಹೊನ್ನೆಯ ವಾಸನೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆಗೆ ನಾಲ್ಕು ಹಲಗೆ ಮುಗಿದಿದ್ದವು.

ಹನ್ನೊಂದು ಗಂಟೆಗೆ ಟೆಂಪೋ ಬಂತು. ಚಿದಾನಂದ ಬಾಳೆಕಂದು, ಬೂದುಗುಂಬಳವನ್ನೂ ಅದರಲ್ಲೇ ಹೇರಿಕೊಂಡು ಬಂದಿದ್ದ. ಹಗ್ಗ ತಂದಿದ್ದ. ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಗೂಳಪ್ಪ ಕೂತಿದ್ದ. ಯಲ್ಲಯ್ಯ ವ್ಯಾಪಾರ ಬಿಟ್ಟು ಬಂದಿದ್ದ. ಒಳಗೆ ಬಸವಲಿಂಗಮ್ಮ ಐದನೇ ಹಲಗೆ ತಳ್ಳುತ್ತಿದ್ದರು.

ಆರಡಿ ದಾಟಿತ್ತು. ಚಿದಾನಂದ ಬಾಗಿಲಲ್ಲಿ ಒಂದು ಕ್ಷಣ ನಿಂತ. ತನ್ನ ಕಡೆಗೆ ಬರುತ್ತಿದ್ದ ಹಲಗೆಯ ತುದಿ ಕಂಡಿತು, ಅದನ್ನು ಹಿಡಿದವರು ಯಾರೂ ಕಾಣಲಿಲ್ಲ. ಅವನು ಜೀವಮಾನವಿಡೀ ಈಚೆ ನಿಂತು ತಳ್ಳಿದವನು. ಹಿಡಿಯುವವರಿಲ್ಲದ ಹಲಗೆ ಅಂದರೆ ಬೀಳುವ ಹಲಗೆ ಅಂತಲೇ ಅವನಿಗೆ ಗೊತ್ತು.

"ಅತ್ತಿಗೇ, ಬೀಳುತ್ತೆ!" ಎಂದು ಓಡಿಬಂದು ತುದಿ ಹಿಡಿದು ಮೇಲಕ್ಕೆತ್ತಿದ.

ಹಲಗೆ ಮೇಜಿನಿಂದ ಎದ್ದಿತು. ಬ್ಲೇಡಿನ ಹಿಂಭಾಗ ಮರಕ್ಕೆ ಕಚ್ಚಿ ಕಿರುಚಿತು. ಹೊಗೆ ಎದ್ದಿತು. ಬಸವಲಿಂಗಮ್ಮ ಹಲಗೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದು, ಮೊಣಕಾಲಿನಿಂದ ಸ್ವಿಚ್ಚಿಗೆ ಗುದ್ದಿದರು. ಬ್ಲೇಡು ಗುರುಗುಟ್ಟುತ್ತಾ ನಿಂತಿತು.

"ಕೈ ತೆಗಿ ಚಿದಾನಂದ."

"ಅಲ್ಲಾ ಅತ್ತಿಗೆ, ಬೀಳ್ತಿತ್ತು..."

"ಬೀಳ್ತಿರ್ಲಿಲ್ಲ. ಹಲಗೆ ಹಿಡಿಯೋಕೆ ಬರಲ್ಲ ನಿಂಗೆ. ಎತ್ತೋದಲ್ಲ ಅದು. ಎಳೆಯೋದೂ ಅಲ್ಲ. ಯಾರೂ ಹೇಳ್ಕೊಟ್ಟಿಲ್ಲ, ನಿನ್ನ ತಪ್ಪಲ್ಲ. ಕೈ ತೆಗೆದು ಗೋಡೆ ಹತ್ರ ನಿಲ್ಲು."

ಅವನು ಕೈ ತೆಗೆದ. ಹಲಗೆ ರೋಲರ್ ಮೇಲೆ ಇಳಿದು ಸುಮ್ಮನೆ ಕೂತಿತು. ಬಸವಲಿಂಗಮ್ಮ ಬ್ಲೇಡು ಬಿಡಿಸಿ, ಮಷೀನು ಹಾಕಿ, ಉಳಿದದ್ದನ್ನು ತಳ್ಳಿದರು. ಆಮೇಲೆ ಆರನೆಯದು. ಹತ್ತಡಿ ಹೊನ್ನೆ ಚಿದಾನಂದನ ಹೊಟ್ಟೆಯ ಮುಂದೆಯೇ, ಯಾರೂ ಮುಟ್ಟದೆ, ಕೊನೆಯವರೆಗೂ ಹೋಯಿತು. ಯಲ್ಲಯ್ಯ ಸಿಳ್ಳೆ ಹೊಡೆದ.

ಚಿದಾನಂದ ಅಣ್ಣನ ಕಡೆ ತಿರುಗಿದ. "ಅಣ್ಣಾ, ನೀನು ಮಾತು ಕೊಟ್ಟಿದ್ದೆ."

ಸಿದ್ದಲಿಂಗಯ್ಯ ನಾಲಿಗೆ ಸರಿಮಾಡಿಕೊಂಡರು. "ಹಲಗೆ ಹಿಡಿಯೋರು... ಬೇಕು ಅಂತ ಕೊಟ್ಟಿದ್ದೆ. ಈಗ ಬೇಡವಲ್ಲ. ರೋಲರ್ ಇದೆ."

ಅಷ್ಟಕ್ಕೇ ಮುಗಿಸಬಹುದಿತ್ತು. ಮಷೀನು ಉಳಿದಿತ್ತು. ನಮ್ಮಲ್ಲಿ ಎಷ್ಟೋ ಹೆಂಗಸರು ಅಷ್ಟಕ್ಕೇ ಕಣ್ಣೊರೆಸಿಕೊಂಡು ಕಾಫಿಗಿಡಲು ಹೋಗುತ್ತಾರೆ. ಬಸವಲಿಂಗಮ್ಮ ಹೋಗಲಿಲ್ಲ.

"ರೋಲರ್ ಇದೆ ಅಂದ್ರೆ? ತಾನೇ ಹುಟ್ಟಿತಾ? ಯಾರು ಮಾಡಿದ್ದು ಹೇಳಿ."

"ನೀನು."

"ಬಾಗಿಲಲ್ಲಿ ನಿಂತೋರಿಗೆ ಕೇಳ್ಲಿಲ್ಲ."

ಸಿದ್ದಲಿಂಗಯ್ಯ ಬಾಗಿಲ ಕಡೆ ನೋಡಿದರು. ತಮ್ಮ, ಯಲ್ಲಯ್ಯ, ಟೆಂಪೋ ಡ್ರೈವರು, ಮೆಟ್ಟಿಲಿಂದ ಎದ್ದು ಬಂದಿದ್ದ ಗೂಳಪ್ಪ. ಸಿದ್ದಲಿಂಗಯ್ಯನವರ ಮುಖ ಕೆಂಪೇರಿತು. ಸಿಟ್ಟೋ ಪ್ರಯಾಸವೋ ಹೇಳುವುದು ಕಷ್ಟ. "ಬಸವಲಿಂಗಮ್ಮ... ಮಾಡಿದ್ದು. ಮಷೀನು... ಅವಳದು."

"ಸಾರ್, ಹಾಗಾದ್ರೆ ಗಾಡಿ ಖಾಲಿ ಹೋಗೋದಾ?" ಅಂದ ಡ್ರೈವರು.

"ಆ ಬೂದುಗುಂಬಳ ಇಳ್ಸಿ ಹೋಗಪ್ಪ," ಅಂದರು ಬಸವಲಿಂಗಮ್ಮ. "ನಾಳೆ ಇಲ್ಲೇ ಬೇಕು ಅದು. ಚಿದಾನಂದ, ಬಂದಿದ್ದೀಯ, ಟೀ ಕುಡ್ಕೊಂಡು ಹೋಗು."

ಅವನು ಕುಡಿಯಲಿಲ್ಲ. ಹೋದ. ಮಾರನೇ ದಿನ ಮಷೀನಿಗೂ ಮೂರು ರೋಲರಿಗೂ ವಿಭೂತಿ ಬಿತ್ತು. ಹಬ್ಬ ಕಳೆದ ಮೇಲೆ ಗೂಳಪ್ಪ ಒಂದು ದಿನ ಏನೋ ನೆವ ಮಾಡಿಕೊಂಡು ಬಂದು ರೋಲರಿನ ಅಳತೆ ತೆಗೆದುಕೊಂಡ. ಬಸವಲಿಂಗಮ್ಮ ಬಚ್ಚಿಡಲಿಲ್ಲ. "ನೆಲದಿಂದ ಅಳೀಬೇಡಿ, ಯಲ್ಲಯ್ಯನ ಗಾಡಿ ಹತ್ರ ಹುಡುಕ್ಬೇಕಾಗುತ್ತೆ" ಅಂದರು ಅಷ್ಟೇ.

ಬೆಂಚು ಕೂರಿಸಿದ ದಿನ ಸೀತಮ್ಮ ಟೀಚರು ಕನ್ನಡಕ ಏರಿಸಿಕೊಂಡು, ಉತ್ತರಪತ್ರಿಕೆ ತಿದ್ದುವ ಹಾಗೆ, ಗೋಡೆಯಿಂದ ಗೋಡೆಗೆ ಬೆರಳಾಡಿಸುತ್ತಾ ಬಂದರು. ಐದನೇ ಹಲಗೆಯ ಅಂಚಿನಲ್ಲಿ ಬೆರಳು ನಿಂತಿತು. ಅಲ್ಲಿ ಅಂಗೈ ಉದ್ದಕ್ಕೆ ಮರ ಕಪ್ಪಗೆ ಸುಟ್ಟಿತ್ತು. ಕೀಸಿ ತೆಗೆಯಬಹುದಿತ್ತು. ಬಸವಲಿಂಗಮ್ಮ ತೆಗೆದಿರಲಿಲ್ಲ.

"ಬಸವಲಿಂಗಮ್ಮ, ಉಳಿದದ್ದೆಲ್ಲ ಇಷ್ಟು ಚೆನ್ನಾಗಿದೆ. ಇಲ್ಲೇನ್ರೀ ಇದು?"

"ಅದಾ ಮೇಡಂ? ನನ್ನ ಮೈದುನ ಸಹಾಯ ಮಾಡಿದ ಜಾಗ."